ಹೊರಗೆ ಕೂತವಳು

ಆ ದಿನ ಬೆಳಿಗ್ಗೆಯೂ ಎಂದಿನಂತೆಯೇ ಆಯಿತು. ಹಿತ್ತಲಿನ ತಗಡಿನ ಚಪ್ಪರದಲ್ಲಿ ಚಾಪೆ ಸುತ್ತಿ ಗೋಡೆಗೆ ಒರಗಿಸಿದೆ. ಅತ್ತೆಯವರು ಮಡಿಯುಟ್ಟು ಬಂದು, ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು, ಎತ್ತರದಿಂದ ನನ್ನ ಬೊಗಸೆಗೆ ನೀರು ಹೊಯ್ದರು. ಆಮೇಲೆ ನನ್ನ ಬೇರೆ ಲೋಟಕ್ಕೆ ಚಹಾ. ರೋಣದ ಕೋರ್ಟಿನಲ್ಲಿ ಕಾರಕೂನರಾದ ನನ್ನ ಯಜಮಾನರು ಹೊರಡುವಾಗ ಹಿತ್ತಲ ಬಾಗಿಲಲ್ಲಿ ನಿಂತು, "ಆರಾಮ ಇದ್ದೀಯಲ್ಲ?" ಎಂದರು. "ಹೂಂ" ಎಂದೆ. ಮಗಳು ಶಾಂತಾ ಅವರ ಹಿಂದಿನಿಂದ ತನ್ನ ಜಡೆ ತೋರಿಸಿದಳು. ಅಜ್ಜಿ ಹೆಣೆದದ್ದು, ಒಂದು ಕಡೆ ಸಡಿಲಾಗಿತ್ತು. ಕೈ ಹಾಕಿ ಸರಿಮಾಡುವ ಹಾಗಿರಲಿಲ್ಲ.

ನಾನು ಹೊರಗೆ ಕೂತಿದ್ದೆ.

ನಮ್ಮ ಮನೆಯಲ್ಲಿ ಮುಟ್ಟಾದ ಹೆಂಗಸು ಮೂರು ದಿನ ಹಿತ್ತಲಲ್ಲಿರಬೇಕು, ನಾಲ್ಕನೆಯ ದಿನ ತಲೆಗೆ ಎರೆದುಕೊಂಡು ಒಳಗೆ ಬರಬೇಕು. ನನಗೆ ಆ ನಾಲ್ಕನೆಯ ದಿನ ಬರಲೇ ಇಲ್ಲ. ರಕ್ತ ನಿಲ್ಲಲಿಲ್ಲ. ಅಮಾವಾಸ್ಯೆ ಹೋಗಿ ಹುಣ್ಣಿಮೆ ಬಂತು. ಮೊದಮೊದಲು ಒಲೆಯ ಮುಂದೆ ಕೂಡುವುದು ತಪ್ಪಿತಲ್ಲ ಎಂದು ಹಗುರವೇ ಆಗಿತ್ತು. ಆಮೇಲೆ ಕಾಲುಗಳಲ್ಲಿ ಬಲವಿಲ್ಲ. ಉಗುರು ಬೆಳ್ಳಗೆ. ಕಿವಿಯಲ್ಲಿ ಹಿಟ್ಟಿನ ಗಿರಣಿ ತಿರುಗಿದಂಥ ಸದ್ದು. "ಇನ್ನೂ ಹೊರಗ ಇದ್ದಾಳ" ಎಂದು ಅತ್ತೆಯವರು ಬಂದವರಿಗೆಲ್ಲ ಹೇಳುತ್ತಿದ್ದರು. ಒಳಗೆ ಯಾರಾದರೂ ಒಂದು ಸಲ ಕೆಮ್ಮಿದರೆ ಕಷಾಯ ಕುದಿಸುವ ಮನೆ ಅದು. ಹೊರಗೆ ಕೂತವಳಿಗೆ ರೋಗ ಬಂದಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ದೇವರ ಹೆಸರನ್ನೂ ಬಾಯಿಂದ ಅನ್ನಬಾರದಿತ್ತು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದುವಾಗ, ಸಿಸ್ಟರುಗಳು ದಿನವೂ ನಸುಕಿನಲ್ಲಿ ಸಾಲಾಗಿ ಪ್ರಾರ್ಥನೆಗೆ ಹೋಗುವುದನ್ನು ನೋಡುತ್ತಿದ್ದೆವು. ತಿಂಗಳಲ್ಲಿ ಒಂದು ದಿನವೂ ಆ ಸಾಲಿನಲ್ಲಿ ಒಬ್ಬರು ಕಡಿಮೆಯಾದದ್ದಿಲ್ಲ. "ಇವರಿಗೆ ಆಗೂದ ಇಲ್ಲೇನ?" ಎಂದು ನಾವು ಹುಡುಗಿಯರು ಪಿಸುಗುಟ್ಟಿ ನಗುತ್ತಿದ್ದೆವು. ಚಪ್ಪರದಲ್ಲಿ ಕೂತು ಆ ಸಾಲನ್ನು ಎಷ್ಟೋ ಸಲ ನೆನೆದೆ. ನಗು ಬರಲಿಲ್ಲ. ತುಟಿ ಅಲುಗಿಸದೆ ಮನಸ್ಸಿನಲ್ಲೇ ರಾಮ ರಾಮ ಅಂದುಕೊಳ್ಳುತ್ತಿದ್ದೆ. ದೂರ ಸರಿ ಎಂದು ಅವನು ಒಮ್ಮೆಯೂ ಅನ್ನಲಿಲ್ಲ.

ಚಹಾದ ಲೋಟ ತೊಳೆಯಲು ಒಗೆಯುವ ಕಲ್ಲಿನ ಹತ್ತಿರ ಬಾಗಿದೆ.

ಆಮೇಲೆ ಬರೀ ಆಕಾಶ ಕಂಡಿತು.

ಅತ್ತೆಯವರು ಎರಡು ಮಾರು ದೂರ ನಿಂತು, "ಸುಮಿತ್ರಾ, ಏಳು, ಏಳವಾ" ಎಂದು ಕರೆಯುತ್ತಿದ್ದರು. ಕೈಯಲ್ಲಿ ನೈವೇದ್ಯದ ಬಟ್ಟಲು. ಒಂದು ಹೆಜ್ಜೆ ಮುಂದೆ ಬರುವರು, ನಿಲ್ಲುವರು. ಪಕ್ಕದ ಮನೆಯ ನೀಲವ್ವ ಮೋಟು ಗೋಡೆ ದಾಟಿ ಬಂದು ನನ್ನ ಬಗಲಿಗೆ ಕೈ ಹಾಕಿದಳು. ನೀಲವ್ವನ ಮನೆಯವರು ಕೊರಳಲ್ಲಿ ಲಿಂಗ ಕಟ್ಟಿದವರು, ಅವರಲ್ಲಿ ಈ ಹೊರಗೆ ಒಳಗೆ ಇಲ್ಲ.

"ಮೈ ತಣ್ಣಗಾಗೇತ್ರಿ ಅಮ್ಮಾರ. ಗಾಡಿ ಹೂಡಸ್ತೀನಿ."

"ಆಕಿ ಹೊರಗ ಇದ್ದಾಳವಾ, ಮುಟ್ಟಿಬಿಟ್ಟಿಯಲ್ಲ."

"ಜಳಕಾ ಮಾಡತೀನ ತಗೋರಿ."

ದವಾಖಾನೆಯಲ್ಲಿ ಡಾಕ್ಟರು ನನ್ನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು. ಬಿ.ಪಿ. ನೋಡಿದರು. ನರ್ಸಬಾಯಿ ಪರದೆ ಎಳೆದಳು. ಹೊಟ್ಟೆ ಒತ್ತಿ ನೋಡಿ, "ಫೈಬ್ರಾಯ್ಡ್ ಇದ್ದಂಗದ. ಗರ್ಭಕೋಶದಾಗ ಗಡ್ಡಿ. ಇಷ್ಟ ದಿನಾ ಯಾಕ ಬಿಟ್ರಿ?" ಎಂದರು.

ಬಾಗಿಲ ಆಚೆಯೇ ನಿಂತಿದ್ದ ಅತ್ತೆಯವರು, "ಹೊರಗ ಕೂತಿದ್ಲರಿ" ಎಂದರು.

"ಇದು ಅದಲ್ಲಮ್ಮಾ. ರೋಗ. ರಕ್ತ ಕೊಟ್ಟು ಆಪರೇಶನ್ ಮಾಡಬೇಕು. ಇನ್ನ ಸ್ವಲ್ಪ ದಿನಾ ಬಿಟ್ಟಿದ್ರ ಉಳೀತಿದ್ದಿಲ್ಲ."

ಅತ್ತೆಯವರು ಹೊಸ್ತಿಲವರೆಗೆ ಬಂದರು. "ಮುಟ್ಟಲ್ಲ ಅಂತೀರಿ?"

"ಅಲ್ಲ."

"ಹಂಗಾದ್ರ ಒಳಗ ಕರಕೋಬಹುದೇನ್ರಿ?"

ಡಾಕ್ಟರು ಕನ್ನಡಕ ತೆಗೆದು ಅವರನ್ನೇ ನೋಡಿದರು. "ಮೊದಲ ಗದಗಿನ ದವಾಖಾನಿ ಒಳಗ ಕರಕೊಂಡ ಹೋಗ್ರಿ."

ಗದಗಿಗೆ ಆ ದಿನದ ಬಸ್ಸು ಆಗಲೇ ಹೋಗಿಬಿಟ್ಟಿತ್ತು. ಇಂಜೆಕ್ಷನ್ ಕೊಟ್ಟು, ಮರುದಿನದ ಬಸ್ಸಿಗೆ ತಪ್ಪದೆ ಹೊರಡಿ ಎಂದರು ಡಾಕ್ಟರು. ಮರಳುವಾಗ ಗಾಡಿಯಲ್ಲಿ ನನ್ನ ತಲೆ ಅತ್ತೆಯವರ ತೊಡೆಯ ಮೇಲಿತ್ತು. ಅವರ ಬೆರಳುಗಳಲ್ಲಿ ಗಂಧದ ವಾಸನೆ. ಅವು ನನ್ನ ಹಣೆಯ ಮೇಲಿನ ಕೂದಲು ಸರಿಸುತ್ತಿದ್ದವು.

ಈಗ ಗದಗಿನಿಂದ ಬಂದು, ದಿಂಬಿಗೆ ಒರಗಿ ಇದನ್ನು ಬರೆಯುತ್ತಿದ್ದೇನೆ. ಗರ್ಭಕೋಶ ತೆಗೆದರು. ಇನ್ನು ಮೇಲೆ ನಾನು ಹೊರಗೆ ಕೂಡುವುದಿಲ್ಲ. ಬದುಕಿದೆ ಎಂಬ ಸಮಾಧಾನವಿದೆ, ಆದರೆ ಅದನ್ನು ಎತ್ತಿ ಹಿಡಿಯುವಷ್ಟು ಬಲ ಇನ್ನೂ ಮೈಯಲ್ಲಿಲ್ಲ. ಮೈ ಅದೇ ಇತ್ತು, ರಕ್ತವೂ ಅದೇ, ಡಾಕ್ಟರು ಅದಕ್ಕೆ ಬೇರೆ ಹೆಸರು ಹೇಳಿದ ಮೇಲೆ ಬಾಗಿಲು ತೆರೆಯಿತಲ್ಲ ಎಂಬುದು ಮಾತ್ರ ತಲೆಯಿಂದ ಹೋಗುತ್ತಿಲ್ಲ. ಅತ್ತೆಯವರನ್ನು ಕೇಳಲಾರೆ. ಅವರೂ ಪಾಪ ಅರ್ಧ ಆಯುಷ್ಯ ಅದೇ ಚಪ್ಪರದಲ್ಲಿ ಕೂತು ಎದ್ದವರು. ಶಾಂತಾ ದೊಡ್ಡವಳಾದಾಗ ಮನೆಯಲ್ಲಿ ಏನು ಹೇಳುತ್ತೇನೋ, ಹೇಗೆ ಹೇಳುತ್ತೇನೋ ತಿಳಿಯದು. ಅವಳನ್ನು ಅಲ್ಲಿಗೆ ಕಳಿಸಲಾರೆ. ಅಷ್ಟು ಗೊತ್ತು.

ಗದಗಿಗೆ ಹೊರಡುವ ಹಿಂದಿನ ಸಂಜೆ ನನ್ನನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಶಾಂತಾ ನನ್ನ ಬಗಲಿಗೆ ಅಂಟಿಕೊಂಡು ನಿದ್ದೆ ಹೋಗಿದ್ದಳು. ಯಜಮಾನರು ನನ್ನ ಕಾಲ ಹತ್ತಿರ ಕೂತು, ಮಡಚಿದ ಸೀರೆಗಳನ್ನೇ ಮತ್ತೆ ಮತ್ತೆ ಮಡಚಿ ಚೀಲಕ್ಕೆ ತುಂಬುತ್ತಿದ್ದರು. ಅತ್ತೆಯವರು ಬತ್ತಿ ಹೊಸೆಯುತ್ತಿದ್ದರು. ನೀಲವ್ವ ತಂಬಿಗೆ ಹಿಡಿದು ಒಳಗೆ ಬಂದಳು. ಲೋಟಕ್ಕೆ ಹಾಲು ಬಗ್ಗಿಸುತ್ತ, ನನಗೆ ಧೈರ್ಯ ಹೇಳುವ ದನಿಯಲ್ಲಿ ಅಂದಳು:

"ಏನೂ ಆಗೂದಿಲ್ಲ, ಅಂಜಬ್ಯಾಡ್ರಿ ಬಾಯಾರ. ನಮ್ಮ ಎಮ್ಮಿಗೂ ಈದ ಮ್ಯಾಲೆ ಹಿಂಗ ರಕ್ತ ಹೋಗಾಕ ಹತ್ತಿತ್ತು. ಮರುದಿನಾನ ನಮ್ಮನಿಯವರು ದನದ ಡಾಕ್ಟರನ್ನ ಕರಸಿದ್ರು. ಈಗ ಆರಾಮ ಐತಿ. ಇದು ಅದರದ ಹಾಲು, ಬಿಸಿ ಇದ್ದಾಗ ಕುಡೀರಿ."