ಅಕ್ಷರಗಳು ತೆರೆದುಕೊಂಡ ಸಂಜೆ

ದೆವ್ವ, ಭೂತ, ಮಾಟ ಎಂದು ಯಾರಾದರೂ ಮಾತು ತೆಗೆದರೆ ಮೊದಲು ನಗುತ್ತಿದ್ದವಳು ನಾನು. ಗಣಿತ ಕಲಿಸುವವಳಿಗೆ ಅದು ಸಹಜವೂ ಹೌದು. ಶಾಲೆಯಲ್ಲಿ ಯಾರಾದರೂ ಅಂಥ ಕಥೆ ಶುರು ಮಾಡಿದರೆ ನಡುವೆ ಬಾಯಿ ಹಾಕಿ ಕೆಡಿಸಿಬಿಡುತ್ತಿದ್ದೆ. ಈಗಲೂ ನಾನು ದೆವ್ವವನ್ನು ನಂಬುವುದಿಲ್ಲ. ಆದರೆ ಒಂದು ಸಂಜೆ ನನ್ನ ಕಣ್ಣೆದುರೇ ನಡೆದದ್ದನ್ನು ಏನೆಂದು ಕರೆಯಬೇಕೋ ಇಂದಿಗೂ ತಿಳಿದಿಲ್ಲ. ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಕಲಘಟಗಿ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಕೆಲಸಕ್ಕಿದ್ದೆ. ಅಲ್ಲಿಗೆ ಸರ್ಕಾರದಿಂದ ಒಂದು ಕಂಪ್ಯೂಟರ್ ಬಂತು. ಅದಕ್ಕೆ ಇಂಗ್ಲಿಷ್ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ನಮ್ಮ ಡ್ರಾಯಿಂಗ್ ಮಾಸ್ತರರಾದ ಚಿತ್ರಗಾರ ಎಂಬವರಿಗೆ ಇದು ಅವಮಾನವೆನಿಸಿತು. ಅವರದು ಕಲಘಟಗಿಯಲ್ಲಿ ತಲೆಮಾರುಗಳಿಂದ ತೊಟ್ಟಿಲಿಗೆ ಬಣ್ಣ ಹಚ್ಚಿಕೊಂಡು ಬಂದ ಮನೆತನ. "ಕನ್ನಡ ಸಾಲ್ಯಾಗ ಕುಂತು ಕನ್ನಡ ಕಲೀಲಿಲ್ಲಂದ್ರ ಹೆಂಗ್ರಿ ಅಕ್ಕಾರ?" ಎಂದು ನನ್ನನ್ನೇ ಕೇಳಿದರು. ಚೌಕುಳಿ ಹಾಳೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಅಕ್ಷರ ಬರೆದು, ಅದನ್ನು ಕಂಪ್ಯೂಟರಿಗೆ ತುಂಬುವ ಪ್ರೋಗ್ರಾಂ ಶುರು ಮಾಡಿದರು. ಶಾಲೆ ಬಿಟ್ಟ ಮೇಲೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಪೂರ್ತಿ ಆಗುವವರೆಗೆ ಯಾರಿಗೂ ತೋರಿಸುವುದಿಲ್ಲವೆಂಬುದು ಅವರ ಹಟ.

ಆಗ ಈಗಿನಂತೆ ಪರದೆಯ ಮೇಲಿನ ಚಿತ್ರ ಒತ್ತಿದರೆ ಏನೂ ತೆರೆಯುತ್ತಿರಲಿಲ್ಲ. ಉದ್ದುದ್ದ ಆಜ್ಞೆಗಳನ್ನು ಟೈಪ್ ಮಾಡಬೇಕಿತ್ತು. ಅದಕ್ಕಾಗಿ ಮಾಸ್ತರರು ಆ ಆಜ್ಞೆಗಳನ್ನೆಲ್ಲ ಒಂದು ಸಣ್ಣ ಫೈಲಿನಲ್ಲಿ ಸೇರಿಸಿ, ಇಂಗ್ಲಿಷ್ ಲಿಪಿಯಲ್ಲೇ 'ಅಕ್ಷರ' ಎಂದು ಹೆಸರಿಟ್ಟಿದ್ದರು. ಆ ಹೆಸರಷ್ಟೇ ಟೈಪ್ ಮಾಡಿ ಒತ್ತಿದರೆ ಪ್ರೋಗ್ರಾಂ ತೆರೆಯುತ್ತಿತ್ತು. ಇಂದು ನಾವು ಶಾರ್ಟ್‌ಕಟ್ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಅದರೊಳಗೆ ಪ್ರೋಗ್ರಾಂ ಇರುವುದಿಲ್ಲ. ಇಂಥ ಮನೆಗೆ ಹೋಗಿ ಬಾಗಿಲು ಬಡಿ ಎಂದು ಬರೆದುಕೊಟ್ಟ ಚೀಟಿಯಿದ್ದ ಹಾಗೆ. ಯಂತ್ರ ತಾನಾಗಿ ಶುರುವಾಗುತ್ತಿತ್ತು; ಆದರೆ ಅದರೊಳಗೆ ನಾವು ಮಾಡಿದ್ದೇನೂ ಉಳಿಯುತ್ತಿರಲಿಲ್ಲ, ಎಲ್ಲವನ್ನೂ ಫ್ಲಾಪಿ ಎಂಬ ತೆಳ್ಳನೆಯ ಚೌಕ ಡಿಸ್ಕುಗಳಲ್ಲಿ ಇಡಬೇಕಿತ್ತು. ಕಲಘಟಗಿಯ ಒಂದು ಶಾಲೆಯಲ್ಲಿ ಬೇರೆ ಕಂಪನಿಯ ಕಂಪ್ಯೂಟರ್ ಇತ್ತು. ಅದರ ಆಪರೇಟಿಂಗ್ ಸಿಸ್ಟಮ್ಮೇ ಬೇರೆ. ಅಲ್ಲಿಯ ಫ್ಲಾಪಿಯನ್ನು ನಮ್ಮದಕ್ಕೆ ಹಾಕಿದರೆ ಓದಲು ಬರುವುದಿಲ್ಲವೆಂದು ದೋಷದ ಸೂಚನೆ ಬರುತ್ತಿತ್ತು. ಆ ಶಾಲೆಗೂ ಕನ್ನಡ ಕೊಡಬೇಕೆಂದು ಮಾಸ್ತರರು ಅದಕ್ಕೊಂದು ಬೇರೆ ಫ್ಲಾಪಿ ಮಾಡಿ ತಮ್ಮ ಬಣ್ಣದ ಡಬ್ಬಿಯಲ್ಲಿ ಇಟ್ಟಿದ್ದರು.

ದಸರೆಯ ಹೊತ್ತಿಗೆ ಅವರು ಕಾಮಾಲೆಯಾಗಿ ಹುಬ್ಬಳ್ಳಿಯ ಆಸ್ಪತ್ರೆ ಸೇರಿದರು. ಅದೇ ವೇಳೆಗೆ ಸುದ್ದಿ ಬಂತು: ಅಧಿಕಾರಿಗಳು ಬರುತ್ತಾರೆ, ಉಪಯೋಗವಾಗುತ್ತಿಲ್ಲವೆಂದು ಕಂಡರೆ ಕಂಪ್ಯೂಟರನ್ನು ಪಟ್ಟಣದ ಶಾಲೆಗೆ ಒಯ್ಯುತ್ತಾರೆ. ನಾನು ಆಸ್ಪತ್ರೆಗೆ ಹೋದಾಗ ಮಾಸ್ತರರ ಕಣ್ಣು ಅರಿಸಿನದಂತಿತ್ತು. "ಮಶೀನ್ ಹೋತಂದ್ರ ನಾ ಎದ್ದು ಬಂದು ಏನ್ ಮಾಡ್ಲಿರಿ? ಆ ಹೆಸರು ಒತ್ತಿ, ಇದ್ದಷ್ಟು ತೋರಸ್ರಿ" ಎಂದರು. ಆಗಲಿ ಎಂದು ಮಾತು ಕೊಟ್ಟು ಬಂದೆ.

ರಜೆ ಮುಗಿದು, ಅಧಿಕಾರಿಗಳು ಬರುವ ದಿನ ಬೆಳಿಗ್ಗೆ ಕೋಣೆ ತೆರೆದೆ. ಖಂಡೇಪೂಜೆ, ಅಂದರೆ ನಮ್ಮ ಕಡೆಯ ಆಯುಧಪೂಜೆ, ಭರ್ಜರಿಯಾಗಿ ಆಗಿತ್ತು. ಹೆಡ್‌ಮಾಸ್ತರರು ಕಂಪ್ಯೂಟರಿಗೆ ಹಾರ ಹಾಕಿ, ಒಂದೊಂದು ಫ್ಲಾಪಿಯನ್ನೂ ತೆಗೆದು ಪೂಜೆ ಮಾಡಿದ್ದರು. ಫ್ಲಾಪಿಯಲ್ಲಿ ಒಳಗಿನ ತಟ್ಟೆ ಕಾಣುವ ಒಂದು ತೆರೆದ ಜಾಗವಿರುತ್ತದೆ. ಅದೇ ಅದರ ಹಣೆಯೆಂದು ತಿಳಿದು, ಒದ್ದೆ ವಿಭೂತಿಯನ್ನು ಸರಿಯಾಗಿ ಅಲ್ಲಿಗೇ ಮೂರು ಬೆರಳಲ್ಲಿ ಎಳೆದಿದ್ದರು. ಮೇಲೆ ಕುಂಕುಮ ಬೇರೆ. ಎಲ್ಲವೂ ಕೆಟ್ಟಿದ್ದವು, ಒಂದೂ ಉಳಿದಿರಲಿಲ್ಲ. ನಾನು ಹೇಳಿದಾಗ ಅವರು ಪಾಪ, ಕುರ್ಚಿಯಲ್ಲಿ ಕುಸಿದು, "ವಿಭೂತಿ ಹಚ್ಚಿದ್ರ ಹೆಂಗ ಕೆಡತೈತ್ರಿ?" ಎಂದು ಮೆಲ್ಲಗೆ ಕೇಳಿದರು. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ.

ಪೂಜೆಯಿಂದ ತಪ್ಪಿಸಿಕೊಂಡದ್ದು ಬಣ್ಣದ ಡಬ್ಬಿಯಲ್ಲಿದ್ದ ಫ್ಲಾಪಿ ಒಂದೇ. ಅದನ್ನು ಹಾಕಿ ನೋಡಿದೆ. ನಿರೀಕ್ಷಿಸಿದಂತೆ ದೋಷದ ಸೂಚನೆ ಬಂತು. ತೆಗೆದು, ಒರೆಸಿ, ಮತ್ತೆ ಹಾಕಿದೆ. ಮತ್ತೆ ಅದೇ. ಮಧ್ಯಾಹ್ನವಿಡೀ ಹೀಗೆ ಒದ್ದಾಡಿ, ಫ್ಲಾಪಿಯನ್ನು ಯಂತ್ರದಲ್ಲೇ ಬಿಟ್ಟು ಕೈಚೆಲ್ಲಿದೆ.

ಜೀಪು ಬಂದಾಗ ಹೊತ್ತು ಇಳಿದಿತ್ತು. ಇಬ್ಬರು ಅಧಿಕಾರಿಗಳು ಒಳಗೆ ಬಂದು ಕುರ್ಚಿ ಎಳೆದುಕೊಂಡರು. "ನಡಸ್ರಿ, ನೋಡೂಣು" ಎಂದರು. ಎಲ್ಲ ಕೆಟ್ಟಿದೆ ಎಂದು ಹೇಳಿಬಿಡಬೇಕಿತ್ತು. ಆಸ್ಪತ್ರೆಯ ಮಂಚದ ಮೇಲಿನ ಆ ಹಳದಿ ಕಣ್ಣು ನೆನಪಾಗಿ, ಸುಮ್ಮನೆ 'ಅಕ್ಷರ' ಎಂದು ಟೈಪ್ ಮಾಡಿದೆ.

ಪರದೆ ಒಮ್ಮೆ ಕಪ್ಪಾಯಿತು. ಆಮೇಲೆ ಮೂಲೆಯಲ್ಲಿ ಒಂದು ಅ ಮೂಡಿತು. ಅದರ ಬಾಜೂಕ್ಕೆ ಆ. ಒಂದರ ಹಿಂದೊಂದು, ಯಾರೋ ಕೂತು ನಿಧಾನಕ್ಕೆ ಬರೆದಂತೆ, ಇಡೀ ವರ್ಣಮಾಲೆ ಬಂತು. ತೊಟ್ಟಿಲಿನ ಮೇಲಿನ ಬಳ್ಳಿಯ ಹಾಗೆ ದುಂಡಗೆ ಬಳುಕುವ ಅಕ್ಷರಗಳು. ಕೊನೆಗೆ ಳ ಬಂದು ನಿಂತಿತು. ಅಷ್ಟು ಚಂದದ ಕನ್ನಡವನ್ನು ನಾನು ಎಲ್ಲೂ ಕಂಡಿರಲಿಲ್ಲ; ನನಗೇ ತಿಳಿಯದೆ ಕೈ ಮುಗಿದಿದ್ದೆ.

ಅಧಿಕಾರಿಗಳಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. "ಕನ್ನಡನೂ ಬರತೈತೇನ್ರಿ? ಛಲೋ ಆತು, ಇಲ್ಲೇ ಇರ್ಲಿ" ಎಂದು ಎದ್ದು, ಹೊರಗೆ ಅವರಿಗಾಗಿ ಮಾಡಿಸಿಟ್ಟಿದ್ದ ಮಿರ್ಚಿ ಭಜಿಯ ಕಡೆ ನಡೆದರು. ಅವರ ಹಿಂದೆಯೇ ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಹೆಸರು ಒತ್ತಿದೆ. ದೋಷದ ಸೂಚನೆ. ಆ ಫ್ಲಾಪಿ ನಮ್ಮ ಯಂತ್ರದಲ್ಲಿ ಮತ್ತೆಂದೂ ತೆರೆಯಲಿಲ್ಲ.

ಮಾಸ್ತರರು ಗುಣವಾಗಿ ಬಂದಾಗ ಎಲ್ಲವನ್ನೂ ಹೇಳಿದೆ. ಕೇಳಿ ಅವರು ಆ ಫ್ಲಾಪಿಯನ್ನು ಕೈಗೆತ್ತಿಕೊಂಡರು. ನಂತರ ನನ್ನನ್ನು ಕರೆದುಕೊಂಡು ಕಲಘಟಗಿಯ ಶಾಲೆಗೆ ಹೋಗಿ, ಅಲ್ಲಿಯ ಕಂಪ್ಯೂಟರಿಗೆ ಆ ಫ್ಲಾಪಿ ಹಾಕಿದರು. ಅದರಲ್ಲಿ 'ಅಕ್ಷರ' ಎಂಬ ಸಣ್ಣ ಫೈಲು ಬಿಟ್ಟರೆ ಏನೂ ಇರಲಿಲ್ಲ. ಒತ್ತಿದರೆ, ತೆರೆಯಬೇಕಾದ ಪ್ರೋಗ್ರಾಂ ಸಿಗಲಿಲ್ಲವೆಂದಿತು. "ಪ್ರೋಗ್ರಾಂ ಆಮ್ಯಾಲೆ ಹಾಕೂಣಂತ ಬಿಟ್ಟಿದ್ದೆರಿ" ಎಂದರು. ಬಳಿಕ, "ಎಲ್ಲೀತನಾ ಕಂಡ್ವು?" ಎಂದು ಕೇಳಿದರು. ಳ ತನಕ ಎಂದೆ.

"ನಾ ಬರೆದಿದ್ದು 'ಮ' ತನಾ ಅಷ್ಟ ರೀ ಅಕ್ಕಾರ. 'ಯ'ದಿಂದ ಮುಂದ ಇನ್ನೂ ಕೈಯಾಗ ಹಿಡಿದಿರಲಿಲ್ಲ."

ಕೆಟ್ಟುಹೋದ ಅಕ್ಷರಗಳನ್ನು ಅವರು ನೆನಪಿನಿಂದ ಮತ್ತೆ ಬರೆದರು. ಯ ಬಂದಾಗ ಕೈ ನಿಂತಿತು. ಚೌಕುಳಿ ಹಾಳೆಯನ್ನು ನನ್ನ ಕಡೆ ಸರಿಸಿ, "ಹೆಂಗ ಕಂಡಿತ್ತು, ಹಂಗ ಹೇಳ್ರಿ" ಎಂದರು. ನನಗೆ ಚಿತ್ರ ಬರೆಯಲು ಬರುವುದಿಲ್ಲ. ಆದರೆ ಕಣ್ಣು ಮುಚ್ಚಿದರೆ ಆ ಪರದೆ ಹಾಗೇ ಕಾಣುತ್ತಿತ್ತು. ಎಲ್ಲಿ ಚುಕ್ಕೆ, ಎಲ್ಲಿ ಖಾಲಿ ಎಂದು ನಾನು ಹೇಳುತ್ತ ಹೋದೆ, ಅವರು ತುಂಬುತ್ತ ಹೋದರು. ಯ, ರ, ಲ, ವ ಎಂದು ಳ ದವರೆಗೆ ಹೀಗೇ ಆಯಿತು. ಪ್ರೋಗ್ರಾಂ ಮುಗಿಸಿ ನಡೆಸಿದ ದಿನ ಪರದೆಯ ಮೇಲೆ ಬಂದದ್ದು ನಾನು ಆ ಸಂಜೆ ಕಂಡದ್ದೇ. ಒಂದು ಚುಕ್ಕೆಯೂ ಆಚೀಚೆ ಇರಲಿಲ್ಲ.

ಮಕ್ಕಳು ಅದರಲ್ಲಿ ತಮ್ಮ ಹೆಸರು ಬರೆದು ಕುಣಿದಾಡಿದರು. ಯಾರಾದರೂ ಹೊಗಳಿದರೆ ಮಾಸ್ತರರು ನನ್ನ ಕಡೆ ಕೈ ತೋರಿಸುತ್ತಿದ್ದರು, ನಾನು ಅವರ ಕಡೆ. ನಾನು ಹೇಳಿದ್ದು ಆ ಸಂಜೆ ಪರದೆಯ ಮೇಲೆ ಅವರ ಅಕ್ಷರಗಳನ್ನು ನೋಡಿ. ಅವರು ಬರೆದದ್ದು ನಾನು ಹೇಳಿದ್ದನ್ನು ಕೇಳಿ. ಹಾಗಾದರೆ 'ಯ'ದಿಂದ ಮುಂದಿನವನ್ನು ಮೊದಲು ಬರೆದವರು ಯಾರು? ನನಗೆ ಗೊತ್ತಿಲ್ಲ.