ಚಪ್ಪಲಿ ಹಾಕದ ಅಕ್ಕ

ನನ್ನಕ್ಕನಿಗೆ ತಲೆ ಕೆಟ್ಟಿತ್ತು, ಅದಕ್ಕೇ ಬೋಟನ್ನು ಕಳಿಸಿ ನಡುಕಡಲಲ್ಲಿ ಉಳಿದಳು ಎಂದು ಬೋಟು ಕಟ್ಟುವ ಧಕ್ಕೆಯಲ್ಲಿ ಈಗಲೂ ಹೇಳುವವರಿದ್ದಾರೆ. ಹೋದ ತಿಂಗಳು ಐಸ್ ಮಾರುವವನೊಬ್ಬ ನನ್ನೆದುರೇ ಹೇಳಿದ. ಕೊರಳಪಟ್ಟಿ ಹಿಡಿದೆ, ನಾಲ್ಕು ಜನ ಸೇರಿ ಬಿಡಿಸಿದರು. ಕೈ ಇನ್ನೂ ತುರಿಸುತ್ತಿದೆ. ನಡೆದದ್ದು ಗೊತ್ತಿಲ್ಲದವರು ಬಾಯಿ ಮುಚ್ಚಿಕೊಂಡಿರಬೇಕು. ಗೊತ್ತಿರುವವನು ನಾನು, ಬರೆಯುತ್ತೇನೆ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನ ಮೂಗು ಒರೆಸಿದವಳೂ ಅವಳೇ, ಕೆನ್ನೆಗೆ ಬಾರಿಸಿದವಳೂ ಅವಳೇ. ನಮ್ಮ ಧಕ್ಕೆಯಿಂದ ಬೋಟಿನಲ್ಲಿ ಎರಡು ತಾಸು ಹೋದರೆ, ಯಾವ ಕಾಲದಲ್ಲೋ ಬೆಂಕಿ ಕಾರಿ ತಣ್ಣಗಾದ ಮೂರು ಗುಡ್ಡಗಳು ಸಮುದ್ರದಿಂದ ತಲೆ ಎತ್ತಿವೆ. ಮರವಿಲ್ಲ, ಮನೆಯಿಲ್ಲ, ಕಾಲಿಡಲು ಜಾಗವಿಲ್ಲ. ಕರಕಲು ಕಲ್ಲು ನೆಟ್ಟಗೆ ನೀರಿಗೆ ಇಳಿದಿದೆ. ನೀರಿನೊಳಗೆ ಮಾತ್ರ ಆಮೆ, ಶಾರ್ಕು, ಚಾಪೆಯಷ್ಟಗಲದ ತೊರಕೆ ಮೀನುಗಳ ಸಂತೆ. ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅವರ ಮುಖಕ್ಕೆ ಮಾಸ್ಕ್ ಕಟ್ಟಿ, ಬಾಯಿಗೆ ಉಸಿರಿನ ಕೊಳವೆ ಕಚ್ಚಿಸಿ, ಕೈಹಿಡಿದು ಇಳಿಸುವುದು ಅಕ್ಕನ ಕೆಲಸ. ಬೋಟು ಓಡಿಸುವುದು ನನ್ನದು. ಬೋಟು ಧಣಿಯದು.

ಬೆನ್ನಿಗೆ ಸಿಲಿಂಡರ್ ಇಲ್ಲದೆ ಅಕ್ಕ ಐದಾಳುದ್ದ ಇಳಿಯುತ್ತಿದ್ದಳು. ಚಿಪ್ಪಿನ ಗಾಯ ನೋಡಿ ಇಂಥದೇ ಆಮೆ ಎಂದು ಹೇಳುತ್ತಿದ್ದಳು. "ಸಾರ್, ಹಂಗೆ ಕಾಲು ಬಡಿದ್ರೆ ಆಮೆ ಬಿಡಿ, ನಾನೇ ಓಡಿಹೋಗ್ತೀನಿ" ಎಂದು ಬಂದವರನ್ನು ಬೈದರೂ ಅವರು ನಗುತ್ತಿದ್ದರು. ಯಾರಾದರೂ ಹೆದರಿದರೆ, "ಶಾರ್ಕು ಹೊಟ್ಟೆ ತುಂಬಿದ್ರೆ ಸುಮ್ನಿರುತ್ತೆ ಅಮ್ಮಾ. ನಮ್ಮ ಧಣಿ ಹಂಗಲ್ಲ" ಎನ್ನುತ್ತಿದ್ದಳು.

ಮಾಸ್ಕ್ ಹಾಕಿದರೆ ಎಲ್ಲ ಮುಖವೂ ಒಂದೇ. ಹತ್ತುತ್ತಾರೆ, ಇಳಿಯುತ್ತಾರೆ, ಒಂದೇ ತಲೆಯನ್ನು ಎರಡು ಸಲ ಎಣಿಸುವುದುಂಟು. ಅದಕ್ಕೆ ಅಕ್ಕ ಒಂದು ಉಪಾಯ ಮಾಡಿದ್ದಳು. ಬೋಟಿನ ಹಿಂಬದಿಯಲ್ಲಿ ಒಂದು ನೀಲಿ ಹಲಗೆ. ನೀರಿಗಿಳಿಯುವವರು ಚಪ್ಪಲಿಯನ್ನು ಅದರ ಮೇಲೇ ಬಿಡಬೇಕು. ಮೇಲೆ ಬಂದ ತಕ್ಷಣ ಹಾಕಿಕೊಳ್ಳುತ್ತಾರೆ, ಹಾಕಿಕೊಳ್ಳದೆ ವಿಧಿಯಿಲ್ಲ, ಬಿಸಿಲಿಗೆ ತಗಡು ಕಾಯ್ದಿರುತ್ತದೆ. ಹಲಗೆ ಖಾಲಿಯಾದರೆ ಎಲ್ಲರೂ ಬಂದರೆಂದು ಲೆಕ್ಕ. ಹನ್ನೊಂದು ವರ್ಷ ಒಂದೂ ತಪ್ಪಲಿಲ್ಲ.

ಅಕ್ಕ ಮಾತ್ರ ಚಪ್ಪಲಿ ಹಾಕುತ್ತಿರಲಿಲ್ಲ. "ಚಪ್ಪಲಿ ಹಾಕಿದ್ರೆ ಕಾಲು ಕುರುಡಾಗುತ್ತೆ ಕಣೋ" ಎನ್ನುತ್ತಿದ್ದಳು. ಎಲ್ಲರಿಗಿಂತ ಕೊನೆಗೆ ಹತ್ತಿ, ಒದ್ದೆ ಕೈಯಿಂದ ನನ್ನ ಬೆನ್ನಿಗೆ ಒಂದು ಬಿಟ್ಟು "ನಡಿಯೋ" ಅಂದರೆ ನಾನು ಇಂಜಿನ್ ಎಳೆಯಬೇಕು.

ಆವತ್ತು ಧಣಿಯೂ ಬೋಟಿನಲ್ಲಿದ್ದ. ಮಧ್ಯಾಹ್ನದ ತಂಡಕ್ಕೆ ತಡವಾಯಿತೆಂದು ಬೆಳಗಿನಿಂದ ತಲೆ ತಿನ್ನುತ್ತಿದ್ದ. "ಏನೋ, ನಿದ್ದೆ ಮಾಡ್ತಿದೀಯಾ? ನಿಮ್ಮಪ್ಪನ ಬೋಟಾ ಇದು?" ಎಂದ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹಿಂದೆ ತಿರುಗಿದೆ, ಹಲಗೆ ಖಾಲಿ. ಇಂಜಿನ್ ಎಳೆದೆ.

ಬೆನ್ನಿಗೆ ಏಟು ಬಿದ್ದಿರಲಿಲ್ಲ.

ನೀರಿನಲ್ಲಿ ಒಬ್ಬ ಪ್ರವಾಸಿಯ ಕ್ಯಾಮರಾ ಜಾರಿತ್ತಂತೆ. ತಂದುಕೊಡು ಎಂದು ಅಕ್ಕನಿಗೆ ಕೈಸನ್ನೆ ಮಾಡಿ, ತಾನು ಬಂದು ಬಿಳಿ ಚಪ್ಪಲಿ ಮೆಟ್ಟಿ, ಬಿಸ್ಕತ್ತು ತಿನ್ನುತ್ತ ಕೂತಿದ್ದ. ಬೋಟು ಹೊರಟಾಗಲೂ ತುಟಿ ಬಿಚ್ಚಲಿಲ್ಲ.

ಧಕ್ಕೆ ಮುಟ್ಟಿ, ಅಕ್ಕನಿಗೆಂದು ಚಹಾ ಹಿಡಿದು ಅವಳು ಯಾವಾಗಲೂ ಕೂರುವ ಹಿಂಬದಿಗೆ ಹೋದಾಗಲೇ ನನಗೆ ಗೊತ್ತಾದದ್ದು. ಲೋಟ ಬಿಸಾಕಿ ಓಡಿದೆ. ಬೋಟಿನ ಕೀ ಆಗಲೇ ಧಣಿಯ ಜೇಬು ಸೇರಿತ್ತು.

"ಮಧ್ಯಾಹ್ನದ ಜನ ಹತ್ಲಿ. ಹೆಂಗೂ ಅಲ್ಲಿಗೇ ತಾನೇ ಹೋಗೋದು?"

"ಧಣಿ, ಅಕ್ಕ ನೀರಲ್ಲಿದಾಳೆ!"

"ಅವಳು ಮೀನಿನ ಜಾತಿ. ತೇಲ್ಕೊಂಡಿರ್ತಾಳೆ ಬಿಡು. ಖಾಲಿ ಬೋಟು ಓಡಿಸೋಕೆ ಡೀಸೆಲ್ ನಿಮ್ಮಪ್ಪ ಕೊಡ್ತಾನಾ?"

ಐಸ್‌ನವನ ಕೊರಳು ಹಿಡಿದ ಕೈ ಆವತ್ತು ಎಲ್ಲಿ ಹೋಗಿತ್ತೋ. ಹನ್ನೆರಡು ಜನರ ಕಾಲಿಗೆ ರಬ್ಬರ್ ರೆಕ್ಕೆಯ ಅಳತೆ ನೋಡುವವರೆಗೆ, ಮುಕ್ಕಾಲು ಗಂಟೆ, ನಿಂತುಕೊಂಡಿದ್ದೆ.

ಗುಡ್ಡದ ಹತ್ತಿರ ಬಂದಾಗ ಹೆಂಗಸೊಬ್ಬಳು ಕೂಗಿದಳು: "ಅಗೋ ನೋಡ್ರೀ, ಕಲ್ಲಿನ ಮೇಲೆ ಏನೋ ಪ್ರಾಣಿ!" ಎಲ್ಲರೂ ಒಂದೇ ಕಡೆಗೆ ನುಗ್ಗಿ ಫೋಟೋ ತೆಗೆದರು. ಅಕ್ಕ ಕಲ್ಲಿನ ಸೀಳಿಗೆ ಬೆರಳು ಸಿಕ್ಕಿಸಿಕೊಂಡು ಅಂಟಿಕೊಂಡಿದ್ದಳು. ಪ್ರತಿ ಅಲೆಯೂ ಅವಳನ್ನು ಎತ್ತಿ ಆ ಕಲ್ಲಿಗೆ ಉಜ್ಜಿ ಇಳಿಸುತ್ತಿತ್ತು. ಐದು ತಾಸು. ಬೋಟಿಗೆ ಎಳೆದುಕೊಂಡಾಗ ಎದೆಯಲ್ಲಿ, ಅಂಗೈಯಲ್ಲಿ ಚರ್ಮವಿರಲಿಲ್ಲ. ಕ್ಯಾಮರಾ ಕೊರಳಲ್ಲಿ ನೇತಾಡುತ್ತಿತ್ತು. ಸಂಜೆ ಅದನ್ನು ಅದರ ಒಡೆಯನಿಗೆ ಕೊಟ್ಟೆವು. ತಿರುಗಿಸಿ ನೋಡಿ, "ಗಾಜಿಗೆ ಗೀರು ಬಿದ್ದಿದೆಯಲ್ಲ" ಎಂದ.

ಮರುದಿನ ಧಣಿಯ ಆಫೀಸಿನಲ್ಲಿ ವಿಚಾರಣೆ. ಫ್ಯಾನು ಅವನ ಕಡೆಗೆ ಮಾತ್ರ ತಿರುಗಿತ್ತು. ಅಕ್ಕನ ಎರಡೂ ಕೈಗೆ ಬಟ್ಟೆ ಸುತ್ತಿತ್ತು. "ಒಬ್ರನ್ನ ಬೋಟಿನ ಕೆಲಸದಿಂದ ತೆಗೀಲೇಬೇಕು. ಯಾರ ತಪ್ಪು?" ಎಂದ ಧಣಿ. ನನ್ನ ಮನೆಯಲ್ಲಿ ಆಗ ಹದಿನೈದು ದಿನದ ಕೂಸು. ನಾನು ಅಕ್ಕನ ಕಡೆಗೆ ನೋಡಿದೆ.

ಅಕ್ಕನೇ ಹೇಳಿದಳು: "ನಂದೇ. ನೀವು ಹೋಗಿ ಅಂತ ನಾನೇ ಕೈ ಬೀಸಿದ್ದೆ. ತಮ್ಮನದೇನೂ ಇಲ್ಲ."

"ಯಾಕೆ?"

"ಸುಮ್ನೆ. ಅಲ್ಲೇ ಇರಬೇಕು ಅನ್ನಿಸ್ತು."

ಧಕ್ಕೆಯವರ ಬಾಯಿಗೆ ಆ ಮಾತು ಸಾಕಾಯಿತು.

ಅವಳಿಗೆ ಬೋಟು ಹತ್ತುವುದನ್ನೇ ಧಣಿ ನಿಷೇಧಿಸಿದ. ಅಂಗಡಿಯ ಹಿಂದಿನ ತೊಟ್ಟಿಯಲ್ಲಿ ಮಾಸ್ಕು, ಕೊಳವೆ ತೊಳೆಯುವ ಕೆಲಸಕ್ಕೆ ಹಚ್ಚಿದ. ಯಾರ್ಯಾರದೋ ಎಂಜಲು. ಬಲಗಿವಿ ಕೀವಾಗಿ ಹೋಯಿತು. ಅಂಗೈ ಪೂರ್ತಿ ಮಡಚಲು ಬರುತ್ತಿರಲಿಲ್ಲ. ನಾನು ದಿನಾ ಅವಳ ಮುಂದೆಯೇ ಬೋಟಿಗೆ ಹೋಗುತ್ತಿದ್ದೆ.

"ಒಂದೇ ಒಂದ್ಸಲ ಕರ್ಕೊಂಡು ಹೋಗೋ. ಇಳಿಯೋದೂ ಬೇಡ, ಬಗ್ಗಿ ನೋಡ್ತೀನಿ ಅಷ್ಟೇ" ಎಂದು ಕೇಳುತ್ತಿದ್ದಳು.

"ಧಣಿ ಊರಲ್ಲಿಲ್ಲದಾಗ ಕರ್ಕೊಂಡು ಹೋಗ್ತೀನಿ ಅಕ್ಕ."

ಧಣಿ ಊರಲ್ಲಿಲ್ಲದ ದಿನಗಳು ಬೇಕಾದಷ್ಟು ಬಂದವು. ಪ್ರತಿ ಸಲವೂ ನನಗೊಂದು ನೆಪ ಸಿಕ್ಕಿತು. ನಾಲ್ಕನೇ ವರ್ಷ ಎದೆಗೆ ಕಫ ಕಟ್ಟಿ, ಗೋಡೆಯ ಕಡೆಗೆ ಮುಖಮಾಡಿ ಹೋದಳು.

ಹೂತು ಬಂದ ಮಾರನೆಯ ದಿನ ಧಣಿಯ ಮುಂದೆ ನಿಂತು, "ಆವತ್ತು ತಪ್ಪು ನಂದು" ಎಂದೆ. ಅವನು ಕಾಗದದಿಂದ ತಲೆ ಎತ್ತಲಿಲ್ಲ.

"ಗೊತ್ತು. ನೀನು ಹಲಗೆ ನೋಡಿ ಇಂಜಿನ್ ಎಳೆದಿದ್ದನ್ನ ನಾನೇ ನೋಡಿದ್ದೆ. ಬೋಟು ಓಡಿಸೋರು ಸಿಗೋದು ಕಷ್ಟ ಕಣೋ. ಮೀನು ತೋರಿಸೋಕೆ ಯಾರಾದ್ರೇನು? ಹೋಗು, ಜನ ಕಾಯ್ತಿದಾರೆ."

ಹೋದೆ. ಹದಿನಾಲ್ಕು ಜನರಿದ್ದರು, ಕರೆದುಕೊಂಡು ಹೋಗಿ ಎಲ್ಲ ತೋರಿಸಿಕೊಂಡು ಬಂದೆ. ಅಲ್ಲಿಂದ ಇಲ್ಲಿಯವರೆಗೆ ಸಾವಿರಾರು ಜನರನ್ನು ಆ ಗುಡ್ಡಗಳಿಗೆ ಒಯ್ದಿದ್ದೇನೆ. ಅಕ್ಕನಿಗೆ ಕೊಡಬೇಕಾಗಿದ್ದ ಒಂದು ಸುತ್ತು ಕೊಡಲೇ ಇಲ್ಲ.