ಲಾರಿಯಲ್ಲಿ ಕೂತಿದ್ದ ಅಜ್ಜಿ

ಆಗ ನಾನು ರಾಜಾಜಿನಗರದ ಹೊಸ ಮನೆಗಳಿಗೆ ಮರಳು ಹೊಡೀತಿದ್ದ ಲಾರಿ ಡ್ರೈವರು. ಒಂದು ದಿನ ನಮ್ಮ ಮೇಸ್ತ್ರಿಯ ತಾಯಿ ತೀರಿಕೊಂಡರು. ಕೆಂಗೇರಿಯಲ್ಲಿ, ಅವರ ಯಜಮಾನರ ಪಕ್ಕದಲ್ಲೇ ಮಣ್ಣು ಮಾಡಬೇಕಿತ್ತು. ಲಿಂಗಾಯತರ ಪದ್ಧತಿಯಂತೆ ಅಜ್ಜಿಯನ್ನು ಕೂರಿಸಿ, ವಿಭೂತಿ ಹಚ್ಚಿ, ಲಾರಿಯ ಹಲಗೆಗೆ ಒರಗಿಸಿ ಕಟ್ಟಿದರು. ಜೊತೆಗೆ ಮನೆಯವರು ನಾಲ್ಕು ಜನ ಹತ್ತಿದರು.

ನಾಯಂಡಹಳ್ಳಿಯಲ್ಲಿ ಒಬ್ಬ ಪೊಲೀಸ್ ದಫೇದಾರ್ರು ಕೈ ಅಡ್ಡ ಹಿಡಿದರು. ಅವರ ಸಾಹೇಬರು ಅಲ್ಲೇ ಜೀಪಿನಲ್ಲಿ ಕೂತಿದ್ದರು. ದಫೇದಾರ್ರು ಹಿಂದೆ ಇಣುಕಿ ನೋಡಿ, ಕೇಸು ಬರೆದು ಕಳಿಸಿದರು.

ಸರಕಿನ ಲಾರಿಯಲ್ಲಿ ಜನ ಸಾಗಿಸಿದರೆ ಲೈಸೆನ್ಸಿಗೇ ಕುತ್ತು. ನಾನು ಒಯ್ದದ್ದು ಹೆಣವನ್ನು, ಬಾಡಿಗೆ ಜನರನ್ನಲ್ಲ ಅಂತ ವಾದ ಮಾಡೋಕೆ ಕೋರ್ಟಿಗೆ ಹೋದೆ. ಕೇಸಿನಲ್ಲಿ ಇದ್ದದ್ದು ಮಾತ್ರ, ಐದು ಜನ ಪ್ರಯಾಣಿಕರು, ಅದರಲ್ಲಿ ಒಬ್ಬ ಮುದುಕಿ ಅಂತ. ನನಗೆ ಪಿತ್ತ ನೆತ್ತಿಗೇರಿತು.

"ಸತ್ತೋರನ್ನೂ ಎಣಿಸಿದ್ದೀರಲ್ಲ ಸ್ವಾಮಿ," ಅಂದೆ, ಹೊರಗೆ ನಿಂತಿದ್ದ ದಫೇದಾರ್ರಿಗೆ.

ಅವರು ದನಿ ತಗ್ಗಿಸಿದರು. "ಸಾಹೇಬರು ನೋಡ್ತಿದ್ರು, ಸುಮ್ನೆ ಬಿಡೋ ಹಾಗಿರಲಿಲ್ಲ. ಹೆಣ ಅಂತ ಬರೆದಿದ್ರೆ ಡಾಕ್ಟರು ಬಂದು ನೋಡೋವರೆಗೂ ಲಾರಿನ ಠಾಣೆ ಮುಂದೆ ನಿಲ್ಲಿಸ್ತಿದ್ರು. ಆ ತಾಯಿನ ಬಿಸಿಲಲ್ಲಿ ಕಾಯಿಸೋಕೆ ಮನಸ್ಸು ಬರಲಿಲ್ಲ ಕಣಪ್ಪ. ಈಗ ನೀನು ನಿಜ ಹೇಳಿದ್ರೆ ನನ್ನ ಕೆಲಸ ಹೋಗುತ್ತೆ. ಹೇಳು, ನಾನು ಬೇಡ ಅನ್ನಲ್ಲ."

ಒಳಗೆ ಹೋಗಿ ತಪ್ಪು ಒಪ್ಪಿಕೊಂಡೆ.

ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿಂದ ನೋಡಿದರು. "ಆ ಹಳ್ಳ ಬಿದ್ದ ರಸ್ತೇಲಿ ವಯಸ್ಸಾದೋರನ್ನ ಲಾರಿ ಹಿಂದೆ ಕೂರಿಸಿದ್ದೀಯಲ್ಲ, ಅವರ ಗತಿ ಏನು?"

"ನಿಧಾನಕ್ಕೇ ಹೊಡೆದೆ ಸ್ವಾಮಿ."

ಮೂರು ತಿಂಗಳು ಲೈಸೆನ್ಸು ಕಿತ್ತುಕೊಂಡು, ಮುಂದಿನ ಸಲ ಅಜ್ಜಿಯನ್ನು ಬಸ್ಸಿನಲ್ಲಿ ಕಳಿಸು ಅಂತ ಬುದ್ಧಿ ಹೇಳಿದರು.